ಬ್ಯಾಚುಲರ್‌ಗಳಿಗೆ ಮನೆ ಕೊಡಬಾರದೆಂದು ಜಿಬಿಎಂ ನಿರ್ಣಯಿಸಬಹುದೇ?

ಪ್ರಶ್ನೆ: ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟ್ ಒಂದರ ಅಸೋಸಿಯೇಷನ್‌ಗೆ ಈ ವರ್ಷ ಕಾರ್ಯದರ್ಶಿಯಾಗಿದ್ದೇನೆ. ಕಟ್ಟಡಕ್ಕೆ 14 ವರ್ಷ. ಒಟ್ಟು 96 ಫ್ಲ್ಯಾಟ್, ಅದರಲ್ಲಿ 41 ಬಾಡಿಗೆಗೆ ಹೋಗಿವೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕೆಟ್ಟು ವಾಸನೆ ಬರುತ್ತಿದೆ, ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಕೈಮೀರುತ್ತದೆ. ಕಾರ್ಪಸ್‌ನಲ್ಲಿ (ದೊಡ್ಡ ಖರ್ಚುಗಳಿಗೆಂದು ಕೂಡಿಟ್ಟ ನಿಧಿ) ಇರುವುದು 22 ಲಕ್ಷ. ಎಸ್‌ಟಿಪಿ ರಿಪೇರಿಗೆ 11 ಲಕ್ಷ, ಹೊರಗಿನ ಬಣ್ಣಕ್ಕೆ 14 ಲಕ್ಷ, ಈಜುಕೊಳಕ್ಕೆ 6 ಲಕ್ಷದ ಕೊಟೇಶನ್ ಬಂದಿದೆ. ಯಾವುದು ಮೊದಲು ಎಂಬುದರಲ್ಲೇ ಒಮ್ಮತವಿಲ್ಲ. ಕಳೆದ ಜಿಬಿಎಂ (ಸದಸ್ಯರೆಲ್ಲರ ಸಾಮಾನ್ಯ ಸಭೆ) ಪೂರ್ತಿ ಬಾಡಿಗೆದಾರರ ಜಗಳದಲ್ಲೇ ಮುಗಿಯಿತು. ನಾಲ್ಕು ಫ್ಲ್ಯಾಟ್‌ಗಳಲ್ಲಿ ಬ್ಯಾಚುಲರ್‌ಗಳಿದ್ದಾರೆ. ರಾತ್ರಿ ಗಲಾಟೆ ಎಂಬ ದೂರಿರುವುದು ಅದರಲ್ಲಿ ಒಂದರ ಮೇಲೆ. ಒಂದು ಮೂರು ಬೆಡ್‌ರೂಮಿನ ಮನೆಯಲ್ಲಿ 11 ಹುಡುಗರನ್ನು ಪಿಜಿ ಥರ ಇಟ್ಟಿದ್ದಾರೆ. ಇನ್ನೊಂದನ್ನು ದುಬೈನಲ್ಲಿರುವ ಮಾಲೀಕರು ಆ್ಯಪ್ ಮೂಲಕ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಕೇಳಿದರೆ ‘ಮೇಂಟೆನೆನ್ಸ್ ಕಟ್ಟುತ್ತಿದ್ದೇನಲ್ಲ, ನನ್ನ ಮನೆ ನನ್ನಿಷ್ಟ’ ಎನ್ನುತ್ತಾರೆ. ಬ್ಯಾಚುಲರ್‌ಗಳಿಗೆ ಮನೆ ಕೊಡಬಾರದು, ಬಾಡಿಗೆ ಫ್ಲ್ಯಾಟ್‌ಗಳ ಮೇಂಟೆನೆನ್ಸ್ (ಈಗ ತಿಂಗಳಿಗೆ 4,200) ದುಪ್ಪಟ್ಟು ಮಾಡಬೇಕು, ಕಟ್ಟದಿದ್ದರೆ ನೀರು ನಿಲ್ಲಿಸಬೇಕು ಎಂದು ಹಲವರು ಪಟ್ಟು ಹಿಡಿದಿದ್ದಾರೆ. ಮುಂದಿನ ತಿಂಗಳ ಜಿಬಿಎಂಗೆ ಈ ಮೂರೂ ನಿರ್ಣಯಗಳು ಬರಲಿವೆ. ಸಹಿ ಹಾಕಬೇಕಾದವನು ನಾನು. ಏನು ಮಾಡಲಿ?

ಉತ್ತರ: ಈ ಮೂರು ನಿರ್ಣಯಗಳಿಗೆ ಈಗಿನ ರೂಪದಲ್ಲಿ ಸಹಿ ಹಾಕಬೇಡಿ. ಮೂರಕ್ಕೂ ಕಾನೂನಿನ ಬಲವಿಲ್ಲ. ಆದರೆ ನಿಮ್ಮ ಮಾಲೀಕರ ಸಿಟ್ಟಿಗೆ ಕಾರಣವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಒಂದೇ ಮನೆಯಲ್ಲಿ ಹನ್ನೊಂದು ಜನ, ದಿನಕ್ಕೊಬ್ಬ ಹೊಸ ಅಪರಿಚಿತ ಎಂದರೆ ಪಕ್ಕದ ಮನೆಯವರಿಗೆ ನಿಜವಾಗಿಯೂ ತೊಂದರೆಯೇ. ಅದನ್ನು ತಡೆಯಲು ದಾರಿಗಳಿವೆ, ಅವು ಬೇರೆ.

ಅಪಾರ್ಟ್‌ಮೆಂಟ್ ಸಂಘಗಳ ವ್ಯಾಜ್ಯಗಳನ್ನು ನೋಡಿಕೊಳ್ಳುವ ವಕೀಲನಾಗಿ ಒಂದು ಮಾತು ಮೊದಲೇ ಹೇಳುತ್ತೇನೆ. ನೀರು, ಎಸ್‌ಟಿಪಿ, ಲಿಫ್ಟ್ ಸರಿಯಿಲ್ಲದ ಕಟ್ಟಡಗಳಲ್ಲೇ ಬಾಡಿಗೆದಾರರ ಮೇಲಿನ ಸಿಟ್ಟು ಹೆಚ್ಚು. ಟ್ಯಾಂಕರ್ ಬಿಲ್ ಏರಿದಾಗ ಯಾರಾದರೊಬ್ಬರು ಕಾರಣ ಆಗಬೇಕು. ಸಭೆಯಲ್ಲಿ ಮತವಿಲ್ಲದವರ ಮೇಲೆ ಆ ಬೆರಳು ಸುಲಭವಾಗಿ ಹೋಗುತ್ತದೆ. ಯಾವ ಕೆಲಸ ಮೊದಲು, ದುಡ್ಡು ಎಲ್ಲಿಂದ ಎಂದು ಸಂಘ ತೀರ್ಮಾನಿಸದೆ ಬಿಟ್ಟ ಪ್ರಶ್ನೆಯೇ ನಿಮ್ಮಲ್ಲಿ ಬಾಡಿಗೆ ಜಗಳವಾಗಿ ಹೊರಬಂದಿದೆ. ಹಾಗಾಗಿ ಎರಡನ್ನೂ ಬಿಡಿಸಿ ನೋಡಬೇಕು.

ಮೊದಲು ಬ್ಯಾಚುಲರ್ ನಿಷೇಧ. ‘ಜಿಬಿಎಂನಲ್ಲಿ ಬಹುಮತ ಬಂದರೆ ಅದೇ ಕಾನೂನು’ ಎಂಬ ನಂಬಿಕೆ ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಪ್ರತಿ ಫ್ಲ್ಯಾಟ್, ನಿವೇಶನ ಮತ್ತು ಸಾಮಾನ್ಯ ಜಾಗಗಳಲ್ಲಿ ಅದಕ್ಕೆ ಅಂಟಿಕೊಂಡ ಅವಿಭಜಿತ ಪಾಲಿನ ಸಮೇತ, ಮಾಲೀಕರ ಸ್ವಂತ ಸ್ಥಿರಾಸ್ತಿ. ಮಾರುವ, ಬಾಡಿಗೆಗೆ ಕೊಡುವ ಹಕ್ಕು ಅವರದು. ಸಂಘದ ಅಧಿಕಾರ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ಮತ್ತು ಬೈಲಾ (ಸಂಘದ ಒಳನಿಯಮಗಳು) ಕೊಟ್ಟಷ್ಟೇ. ಅಲ್ಲಿ ಇಲ್ಲದ ಅಧಿಕಾರ ಸಭೆಯಲ್ಲಿ ಕೈ ಎತ್ತಿದ ಮಾತ್ರಕ್ಕೆ ಹುಟ್ಟುವುದಿಲ್ಲ.

ಈ ಚರ್ಚೆಯಲ್ಲಿ ಯಾರಾದರೂ 2005ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಯೇ ಹಾಕುತ್ತಾರೆ: ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಪ್ರಕರಣ. ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂಬ ಬೈಲಾವನ್ನು ಕೋರ್ಟ್ ಅಲ್ಲಿ ಒಪ್ಪಿದ್ದು ನಿಜ. ಆದರೆ ಅದು ಸಹಕಾರಿ ಕಾಯ್ದೆಯಡಿ ನೋಂದಾದ ಸಂಘ. ಪ್ರಶ್ನೆ ಇದ್ದದ್ದು ಸದಸ್ಯತ್ವದ ಬಗ್ಗೆ. ಆ ನಿಯಮ ಬೈಲಾದಲ್ಲಿ ಮೊದಲಿನಿಂದಲೂ ಇತ್ತು. ಫ್ಲ್ಯಾಟ್ ಕೊಂಡು ವರ್ಷಗಳಾದ ಮೇಲೆ ಮಾಲೀಕರು ಯಾರಿಗೆ ಬಾಡಿಗೆಗೆ ಕೊಡಬೇಕೆಂದು ಸಭೆಯೊಂದು ಹೇಳುವುದಕ್ಕೆ ಆ ತೀರ್ಪು ಆಸರೆಯಾಗದು.

ಇನ್ನೊಂದು ಬದಿಯನ್ನೂ ಹೇಳಬೇಕು. ಖಾಸಗಿ ಮಾಲೀಕರೊಬ್ಬರು ಬ್ಯಾಚುಲರ್‌ಗೆ ಮನೆ ಕೊಡಲೊಲ್ಲೆ ಎಂದರೆ ಅದನ್ನು ನೇರವಾಗಿ ತಡೆಯುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಕೆಲವರಿಗೆ ವಿಶೇಷ ರಕ್ಷಣೆ ಇದೆ: ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ, ಈ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಎರಡೂ ನಿಷೇಧಿಸುತ್ತವೆ. ಉಳಿದಂತೆ ಆಯ್ಕೆ ಮಾಲೀಕರಿಗೆ ಸೇರಿದ್ದು, ಆ ಆಯ್ಕೆಯನ್ನು ಅವರ ಪರವಾಗಿ ಸಂಘ ಮಾಡುವಂತಿಲ್ಲ. ಅವಿವಾಹಿತ ಹೆಣ್ಣುಮಕ್ಕಳ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಸೆಕ್ಯುರಿಟಿಯವರಿಂದ ಬರೆಸಿ ಗ್ರೂಪಿಗೆ ಹಾಕುವ ಕಮಿಟಿಗಳೂ ಇವೆ. ನಿಮ್ಮಲ್ಲಿ ಅಂಥದ್ದು ನಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಗೇಟಿನ ರಿಜಿಸ್ಟರ್ ಎಲ್ಲ ಫ್ಲ್ಯಾಟ್‌ಗಳಿಗೂ ಒಂದೇ ರೀತಿ ಇರಬೇಕು. ಬಾಡಿಗೆದಾರರನ್ನು, ಅವರ ಅತಿಥಿಗಳನ್ನು ಗೇಟಿನಲ್ಲಿ ತಡೆದು ನಿಲ್ಲಿಸಿದರೆ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ ಅಕ್ರಮ ತಡೆಯ ದೂರು ದಾಖಲಾಗಬಹುದು. ಆಗ ಠಾಣೆಗೆ ಹೋಗಬೇಕಾದವರು ಕಾರ್ಯದರ್ಶಿಯಾದ ನೀವು ಮತ್ತು ಪಾಪದ ಆ ಸೆಕ್ಯುರಿಟಿ.

ದುಪ್ಪಟ್ಟು ಮೇಂಟೆನೆನ್ಸ್ ಪ್ರಸ್ತಾವವನ್ನು ಕಾಯ್ದೆಯೇ ತಳ್ಳಿಹಾಕುತ್ತದೆ. ಸಾಮಾನ್ಯ ಖರ್ಚನ್ನು ಅವಿಭಜಿತ ಹಕ್ಕಿನ ಶೇಕಡಾವಾರು ಪಾಲಿನಂತೆ ಮಾಲೀಕರಿಗೆ ಹಂಚಬೇಕು ಎನ್ನುತ್ತದೆ ಅದು. ಮನೆಯಲ್ಲಿ ಮಾಲೀಕರಿದ್ದಾರೋ ಬಾಡಿಗೆದಾರರೋ ಎಂಬುದು ಆ ಲೆಕ್ಕದೊಳಗೆ ಬರುವುದಿಲ್ಲ. ‘ಮುಂಬೈಯಲ್ಲಿ ತೆಗೆದುಕೊಳ್ಳುತ್ತಾರಲ್ಲ’ ಎಂದು ಯಾರಾದರೂ ಹೇಳಬಹುದು. ಹೌದು, ಅಲ್ಲಿನ ಸಹಕಾರಿ ಸೊಸೈಟಿಗಳು ನಾನ್ ಆಕ್ಯುಪೆನ್ಸಿ ಚಾರ್ಜ್ (ಮಾಲೀಕರು ವಾಸವಿಲ್ಲದೆ ಬಾಡಿಗೆಗೆ ಕೊಟ್ಟ ಮನೆಯ ಮೇಲಿನ ಶುಲ್ಕ) ಪಡೆಯುತ್ತವೆ. ಆದರೆ 2001ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಸೇವಾ ಶುಲ್ಕದ ಶೇ 10ಕ್ಕೆ ಕಟ್ಟಿಹಾಕಿತು, ಬಾಂಬೆ ಹೈಕೋರ್ಟ್ ಆ ಮಿತಿಯನ್ನು ಎತ್ತಿಹಿಡಿಯಿತು. ಶೇ 100ಕ್ಕೆ ಅಲ್ಲೂ ಜಾಗವಿಲ್ಲ. ಇನ್ನೊಂದು ತೊಡಕೂ ಇದೆ. 4,200 ದುಪ್ಪಟ್ಟಾದರೆ 8,400. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಸದಸ್ಯರೊಬ್ಬರ ತಿಂಗಳ ಮೊತ್ತ 7,500 ಮೀರಿದರೆ ಶೇ 18 ಜಿಎಸ್‌ಟಿಯ ಪ್ರಶ್ನೆ ಏಳುತ್ತದೆ. ನಿಮ್ಮ ಈಗಿನ ಸಂಗ್ರಹವೇ ವರ್ಷಕ್ಕೆ 48 ಲಕ್ಷದ ಮೇಲಿದೆ. ಜಗಳದ ಜೊತೆಗೆ ತೆರಿಗೆಯನ್ನೂ ಮೈಮೇಲೆ ಎಳೆದುಕೊಂಡಂತಾಗುತ್ತದೆ.

ಬಳಕೆಗೆ ತಕ್ಕ ಶುಲ್ಕದ ಮಾತು ಬೇರೆ. ಮನೆ ಸಾಮಾನು ಸಾಗಿಸುವಾಗ ಲಿಫ್ಟಿಗೆ, ಕಾರಿಡಾರಿಗೆ ಆಗುವ ಸವೆತಕ್ಕೆ ಮೂವ್-ಇನ್ ಶುಲ್ಕ ಇಡಬಹುದು; ಮೊತ್ತ ನಿಜವಾದ ಖರ್ಚಿಗೆ ಹತ್ತಿರವಿರಲಿ, ಮಾಲೀಕರೇ ವಾಸಕ್ಕೆ ಬಂದರೂ ಅಷ್ಟೇ ಇರಲಿ. ನೀರಿಗೆ ಮೀಟರ್ ಹಾಕಿ ಬಳಸಿದಷ್ಟಕ್ಕೆ ಬಿಲ್ ಮಾಡಬಹುದು.

ನೀರು ನಿಲ್ಲಿಸುವ ಬಗ್ಗೆ ಎರಡೇ ಮಾತು: ಯಾರಿಗೂ ನಿಲ್ಲಿಸಬೇಡಿ. ಬಾಕಿ ವಸೂಲಿಗೆ ಕಾಯ್ದೆ ಬೇರೆ ದಾರಿ ಕೊಟ್ಟಿದೆ. ಕಟ್ಟದ ಸಾಮಾನ್ಯ ಖರ್ಚು ಆ ಫ್ಲ್ಯಾಟ್ ಮೇಲಿನ ಋಣಭಾರವಾಗಿ ನಿಲ್ಲುತ್ತದೆ. ನೋಟಿಸ್ ಕೊಟ್ಟು ಸಿವಿಲ್ ದಾವೆ ಹೂಡಿದರೆ ತಡವಾದರೂ ಹಣ ಬರುತ್ತದೆ. ಮಗುವಿರುವ ಮನೆಯ ನಲ್ಲಿ ಬಂದ್ ಮಾಡಿದ ಸಂಘದ ಪರ ಯಾವ ನ್ಯಾಯಾಲಯದಲ್ಲೂ ವಾದಿಸುವುದು ಕಷ್ಟ, ವಾದಿಸಲೂಬಾರದು.

ಇಷ್ಟು ಓದಿ ದುಬೈನಲ್ಲಿರುವ ಮಾಲೀಕರು ಖುಷಿಪಡಬೇಕಿಲ್ಲ. ‘ನನ್ನ ಮನೆ ನನ್ನಿಷ್ಟ’ ಎಂಬುದೂ ಅಷ್ಟೇ ದೊಡ್ಡ ತಪ್ಪುಕಲ್ಪನೆ. ಮಾಲೀಕರಷ್ಟೇ ಅಲ್ಲ, ಬಾಡಿಗೆದಾರರು, ಕೆಲಸದವರು, ಕಟ್ಟಡ ಬಳಸುವ ಎಲ್ಲರೂ ಬೈಲಾಕ್ಕೆ ಬದ್ಧರು ಎಂದು ಇದೇ ಕಾಯ್ದೆ ಹೇಳುತ್ತದೆ. ಮೀರಿದವರ ವಿರುದ್ಧ ನಷ್ಟಪರಿಹಾರಕ್ಕೋ ತಡೆಯಾಜ್ಞೆಗೋ ಸಂಘ ಕೋರ್ಟಿಗೆ ಹೋಗಬಹುದು, ಸಂಘ ಸುಮ್ಮನಿದ್ದರೆ ನೊಂದ ಪಕ್ಕದ ಮಾಲೀಕರೇ ಹೋಗಬಹುದು. ಸಾಮಾನ್ಯವಾಗಿ ಎಲ್ಲ ಡಿಕ್ಲರೇಷನ್‌ಗಳಲ್ಲೂ ಫ್ಲ್ಯಾಟ್ ‘ವಾಸಕ್ಕೆ ಮಾತ್ರ’ ಎಂಬ ಸಾಲು ಇರುತ್ತದೆ. ನಿಮ್ಮ ಕೈಯಲ್ಲಿರುವ ಅತ್ಯಂತ ಬಲವಾದ ಸಾಲು ಅದು.

ಪಿಜಿ ಮನೆಯ ವಿಷಯಕ್ಕೆ ಬರೋಣ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ, ಸಭೆಯಲ್ಲಿ ಎಲ್ಲರಿಗೂ ತೋರಿಸಿ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಯೋಜನೆಯ ಮಾನದಂಡ. ಫ್ಲ್ಯಾಟ್‌ಗೆ ಸರಾಸರಿ ಐದು ಜನ ಎಂದಿಟ್ಟುಕೊಂಡರೆ 675 ಲೀಟರ್. 96 ಫ್ಲ್ಯಾಟ್‌ಗೆ ಹೆಚ್ಚುಕಡಿಮೆ 65 ಸಾವಿರ ಲೀಟರ್. ಸಂಪ್, ಎಸ್‌ಟಿಪಿ ಎಲ್ಲ ಇಂಥ ಯಾವುದೋ ಅಂದಾಜಿನ ಮೇಲೇ ಕಟ್ಟಿರುತ್ತಾರೆ. ಮೂವರು ಬ್ಯಾಚುಲರ್‌ಗಳಿರುವ ಮನೆ ಬಳಸುವುದು 405 ಲೀಟರ್, ಅಂದರೆ ಅಂದಾಜಿಗಿಂತ ಕಡಿಮೆ. ಹನ್ನೊಂದು ಜನರ ಮನೆ 1,485 ಲೀಟರ್, ಎರಡು ಪಟ್ಟಿಗೂ ಹೆಚ್ಚು. ತೊಂದರೆ ಕೊಡುತ್ತಿರುವುದು ಕಿಕ್ಕಿರಿದ ಮನೆ. ಆ ಹುಡುಗರಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೂ ನಿಮ್ಮ ಸಂಪಿಗೂ ಸಂಬಂಧವಿಲ್ಲ. ಈ ಒಂದು ಲೆಕ್ಕ ಗೊತ್ತಾದ ಮೇಲೆ ಸಭೆಯ ಮಾತಿನ ಧಾಟಿಯೇ ಬದಲಾಗುವುದನ್ನು ಹಲವು ಕಡೆ ನೋಡಿದ್ದೇನೆ.

ಪಿಜಿ ಎಂದರೆ ವ್ಯಾಪಾರ, ಟ್ರೇಡ್ ಲೈಸೆನ್ಸ್ ಬೇಕು. 2024ರಲ್ಲಿ ಆಗಿನ ಬಿಬಿಎಂಪಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದಿತ್ತು. ಮಾಲೀಕರಿಗೆ ಲಿಖಿತ ನೋಟಿಸ್ ಕೊಟ್ಟು ಲೈಸೆನ್ಸ್ ಕೇಳಿ. ಇಲ್ಲದಿದ್ದರೆ ಪಾಲಿಕೆಗೆ ದೂರು ಕೊಡಿ, ಜೊತೆಗೆ ‘ವಾಸಕ್ಕೆ ಮಾತ್ರ’ ಎಂಬ ಷರತ್ತಿನ ಮೇಲೆ ಕ್ರಮ ಶುರು ಮಾಡಿ. ಹಾಗೆ ಮಾಡುವಾಗ ಆ ಹನ್ನೊಂದು ಹುಡುಗರನ್ನು ನೆನಪಿಡಿ. ಅಡ್ವಾನ್ಸ್ ಕೊಟ್ಟು, ಊರು ಬಿಟ್ಟು ಕೆಲಸಕ್ಕೆ ಬಂದವರು ಅವರು. ನಿಯಮ ಮುರಿದವರು ಮಾಲೀಕರು. ಖಾಲಿ ಮಾಡಲು ಒಂದೆರಡು ತಿಂಗಳ ಕಾಲಾವಕಾಶ ಸಿಗುವಂತೆ ಮಾಲೀಕರೊಂದಿಗೆ ಮಾತಾಡಿ. ಹೇಗೂ ಬಾಡಿಗೆದಾರರನ್ನು ಬಿಡಿಸುವ ಅಧಿಕಾರ ನಿಮಗಿಲ್ಲ. ಬಾಡಿಗೆ ಕರಾರು ಇರುವುದು ಅವರಿಬ್ಬರ ನಡುವೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸದು, ಹಾಗಾಗಿ ನಿಮ್ಮಂಥ ಅಪಾರ್ಟ್‌ಮೆಂಟಿನ ಮನೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯಡಿ ಬರುತ್ತವೆ. ಕರಾರಿನಲ್ಲಿ ಬೇರೆ ಅವಧಿ ಬರೆದಿರದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್, ಅದೂ ಮಾಲೀಕರಿಂದ.

ದಿನಬಾಡಿಗೆ ಮನೆಯದು ಇನ್ನೂ ಸೂಕ್ಷ್ಮ. ಅದನ್ನು ವಾಸ ಎನ್ನಬೇಕೋ ವ್ಯಾಪಾರ ಎನ್ನಬೇಕೋ ಎಂಬುದರಲ್ಲಿ ಎರಡೂ ಕಡೆ ವಾದಕ್ಕೆ ಎಡೆ ಇದೆ. ಹಾಗಾಗಿ ಇರುವ ಬೈಲಾದ ಮೇಲೇ ದಾವೆ ಹೂಡಿದರೆ ಗೆಲ್ಲುತ್ತೀರೆಂದು ನಾನು ಭರವಸೆ ಕೊಡಲಾರೆ. ಅದಕ್ಕಿಂತ ಗಟ್ಟಿ ದಾರಿ ಬೈಲಾ ತಿದ್ದುಪಡಿ: ಬಾಡಿಗೆಯ ಕನಿಷ್ಠ ಅವಧಿ ಮೂರು ತಿಂಗಳೋ ಆರು ತಿಂಗಳೋ ಎಂದು ನಿಗದಿ ಮಾಡುವುದು. ಈ ನಿಯಮ ಯಾರು ಎಂಬುದನ್ನು ಮುಟ್ಟುವುದಿಲ್ಲ, ಮನೆಯ ಬಳಕೆ ಹೇಗೆ ಎಂಬುದನ್ನಷ್ಟೇ ಮುಟ್ಟುತ್ತದೆ. ಆದ್ದರಿಂದ ಕೋರ್ಟಿನಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಅಪಾಯವೆಂದರೆ ಬೈಲಾ ಹೇಳಿದ ವಿಶೇಷ ಬಹುಮತ, ನೋಟಿಸ್ ಅವಧಿ, ನೋಂದಣಿ, ಇವುಗಳಲ್ಲಿ ಒಂದು ತಪ್ಪಿದರೂ ಇಡೀ ತಿದ್ದುಪಡಿ ಬೀಳುತ್ತದೆ. ಅದು ಆಗುವ ತನಕ ಸುಮ್ಮನಿರಬೇಕಿಲ್ಲ. ಬಂದವರೆಲ್ಲರ ಗುರುತಿನ ದಾಖಲೆ ಕೇಳಬಹುದು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸುವ ಹೊಣೆ ಮನೆ ಕೊಟ್ಟವರದು. ದುಬೈನಲ್ಲಿ ಕೂತವರ ಪರವಾಗಿ ಇಲ್ಲಿ ಅದನ್ನು ಯಾರು ಮಾಡುತ್ತಿದ್ದಾರೆ ಎಂದು ಬರವಣಿಗೆಯಲ್ಲಿ ಕೇಳಿ.

ಗಲಾಟೆಯ ದೂರು ಇರುವ ಆ ಒಂದು ಮನೆಗೆ ಹೊಸ ಕಾನೂನೇ ಬೇಡ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6 ರಾತ್ರಿ ವೇಳೆ, ವಸತಿ ಪ್ರದೇಶದ ಮಿತಿ 45 ಡೆಸಿಬಲ್. ದೂರು ಬಂದ ದಿನಾಂಕ, ವೇಳೆ ಬರೆದಿಡಿ. ಮೊದಲು ಹುಡುಗರ ಹತ್ತಿರ ನೀವೇ ಹೋಗಿ ಕೂತು ಮಾತಾಡಿ, ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಮಾಲೀಕರಿಗೆ ನೋಟಿಸ್. ಅದಕ್ಕೂ ಬಗ್ಗದಿದ್ದರೆ ಗಲಾಟೆ ನಡೆಯುವಾಗಲೇ 112. ಇದೇ ಅಳತೆ ಮಗನ ಹುಟ್ಟುಹಬ್ಬಕ್ಕೆ ಟೆರೇಸ್ ಮೇಲೆ ಡಿಜೆ ಹಾಕುವ ಮಾಲೀಕರಿಗೂ ಅನ್ವಯವಾಗಲಿ. ದಂಡ ಹಾಕಬೇಕೆಂದರೆ ಬೈಲಾದಲ್ಲಿ ಅವಕಾಶ ಇರಬೇಕು, ಅವರ ಮಾತು ಕೇಳಿದ ಮೇಲೆಯೇ ಹಾಕಬೇಕು, ಬಿಲ್ ಮಾಲೀಕರ ಹೆಸರಿಗೆ ಹೋಗಬೇಕು.

ಹಾಗಾದರೆ ಜಿಬಿಎಂ ಮುಂದೆ ಏನಿಡಬೇಕು? ಆ ಮೂರು ನಿರ್ಣಯಗಳ ಜಾಗದಲ್ಲಿ ಒಂದು ಬಾಡಿಗೆ ನಿಯಮಾವಳಿ ಇಡಿ. ಕರಾರಾದ ಏಳು ದಿನದೊಳಗೆ ಮಾಲೀಕರು ಸಂಘಕ್ಕೆ ತಿಳಿಸಬೇಕು. ವಾಸಿಸುವವರ ಹೆಸರು, ಸಂಖ್ಯೆ, ವಾಹನ, ಪೊಲೀಸ್ ಪರಿಶೀಲನೆಗೆ ಅರ್ಜಿ ಕೊಟ್ಟ ದಾಖಲೆ ಇರಬೇಕು. ಬಾಡಿಗೆ ಎಷ್ಟೆಂದು ನಿಮಗೆ ಬೇಕಿಲ್ಲ. ಬೈಲಾದ ಮುಖ್ಯಾಂಶಕ್ಕೆ ಬಾಡಿಗೆದಾರರ ಸಹಿ ಹಾಕಿಸಿ ಅದನ್ನು ಹನ್ನೊಂದು ತಿಂಗಳ ಕರಾರಿಗೇ ಲಗತ್ತಿಸಲಿ. ಆಗ ನಿಯಮ ಮುರಿದರೆ ಕರಾರೂ ಮುರಿದಂತೆ, ಮಾಲೀಕರಿಗೂ ಕ್ರಮ ಕೈಗೊಳ್ಳಲು ಆಧಾರ ಸಿಗುತ್ತದೆ. ಊರಲ್ಲಿಲ್ಲದ ಮಾಲೀಕರು ಬೆಂಗಳೂರಿನಲ್ಲೇ ಇರುವ, ಫೋನ್ ಎತ್ತುವ ಒಬ್ಬರನ್ನು ಹೆಸರಿಸಬೇಕು. ನನ್ನ ಅನುಭವದಲ್ಲಿ ಅರ್ಧ ಜಗಳಗಳು ಈ ಕೊನೆಯ ನಿಯಮ ಒಂದರಿಂದಲೇ ತಣ್ಣಗಾಗುತ್ತವೆ. ಸಾಕುಪ್ರಾಣಿ ನಿಷೇಧವನ್ನು ಇದರೊಳಗೆ ತುರುಕಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಹುಮತವಿದ್ದರೂ ನಿಷೇಧ ಸಲ್ಲದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ.

ಇನ್ನು ದುಡ್ಡಿನ ಪ್ರಶ್ನೆ. ನಿಮ್ಮ ಮೂರು ಕೆಲಸಗಳ ಮೊತ್ತ 31 ಲಕ್ಷ, ಕಾರ್ಪಸ್ 22. ಎಲ್ಲವನ್ನೂ ಮಾಡಲಾಗದು, ಹಾಗಾಗಿ ಮತಕ್ಕೆ ಹಾಕುವ ಮುನ್ನ ಕೆಲಸಗಳನ್ನು ಮೂರು ಬಗೆಯಾಗಿ ವಿಂಗಡಿಸಿ. ನಿಂತರೆ ಬದುಕೇ ನಿಲ್ಲುವ ಅಥವಾ ಕಾನೂನು ಕಡ್ಡಾಯ ಮಾಡಿರುವ ಕೆಲಸ ಮತಕ್ಕೆ ಬರುವಂಥದ್ದಲ್ಲ: ಎಸ್‌ಟಿಪಿ, ಲಿಫ್ಟ್, ಅಗ್ನಿಸುರಕ್ಷತೆ, ವಿದ್ಯುತ್ ಪ್ಯಾನೆಲ್. ತಡಮಾಡಿದಷ್ಟೂ ದುಬಾರಿಯಾಗುವುದು ಎರಡನೆಯದು: ಟೆರೇಸ್ ಸೋರಿಕೆ, ಹೊರಗೋಡೆಯ ಬಿರುಕು, ತುಕ್ಕು ಹಿಡಿದ ಪೈಪು. ಉಳಿದವು ಆಸೆಗಳು, ಅವಕ್ಕೂ ಜಾಗವಿದೆ, ಕೊನೆಯಲ್ಲಿ.

ಎಸ್‌ಟಿಪಿ ಮೊದಲು, ಅನುಮಾನವೇ ಬೇಡ. ವಾಸನೆಯಷ್ಟೇ ಅಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬಂದರೆ ದಂಡ ಕಾರ್ಪಸ್‌ನಿಂದಲೇ ಹೋಗುತ್ತದೆ. ಆದರೆ 11 ಲಕ್ಷದ ಕೊಟೇಶನ್‌ಗೆ ಕಣ್ಣುಮುಚ್ಚಿ ಒಪ್ಪಬೇಡಿ. ರಿಪೇರಿ ಮಾಡುವ ಕಂಪನಿಗೆ ಸಂಬಂಧವಿಲ್ಲದ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ, ಘಟಕಕ್ಕೆ ಗಾಳಿ ಊದುವ ಬ್ಲೋವರ್, ಡಿಫ್ಯೂಸರ್ ಸ್ಥಿತಿ ನೋಡಿಸಿ, ಸ್ಲಡ್ಜ್ (ತಳದಲ್ಲಿ ಕೂರುವ ಕೆಸರು) ಕೊನೆಯ ಬಾರಿ ತೆಗೆದಿದ್ದು ಯಾವಾಗ ಎಂದು ಆಪರೇಟರ್‌ನನ್ನು ಕೇಳಿ. ಕಾಲಕಾಲಕ್ಕೆ ಸ್ಲಡ್ಜ್ ತೆಗೆಯದೆ, ಅಡುಗೆಮನೆಯ ಜಿಡ್ಡು ತಡೆಯುವ ಚೇಂಬರ್ ಶುಚಿ ಮಾಡದೆ ಘಟಕ ಕೆಟ್ಟಿದ್ದರೆ, ಹೊಸ ಯಂತ್ರ ಹಾಕಿದರೂ ಅದೇ ಗತಿ. ಘಟಕ ಸರಿಯಾಗಿ, ಶುದ್ಧೀಕರಿಸಿದ ನೀರು ಫ್ಲಶ್‌ಗೆ, ಗಿಡಗಳಿಗೆ ಹೋದರೆ ಟ್ಯಾಂಕರ್ ಸಂಖ್ಯೆ ಇಳಿಯುತ್ತದೆ. ಬಾಡಿಗೆದಾರರ ಮೇಲಿನ ಸಿಟ್ಟಿನ ಒಂದು ಪಾಲೂ ಅದರೊಂದಿಗೆ ಇಳಿಯುತ್ತದೆ.

ನೀರಿನ ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಕಟ್ಟಡಗಳಲ್ಲಿ ಪ್ರತಿ ಬಾತ್‌ರೂಮಿಗೂ ಅಡುಗೆಮನೆಗೂ ಬೇರೆ ಬೇರೆ ಪೈಪ್ ಇಳಿದಿರುತ್ತದೆ. ಒಂದು ಫ್ಲ್ಯಾಟ್‌ಗೆ ಮೂರು ನಾಲ್ಕು ಮೀಟರ್ ಬೇಕಾಗಬಹುದು. ಪ್ಲಂಬಿಂಗ್ ನಕ್ಷೆ ನೋಡದೆ ಆರ್ಡರ್ ಕೊಡಬೇಡಿ. ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕುವುದು ತೀರ ಅಗ್ಗ, ಅದನ್ನು ಈ ವಾರವೇ ಮಾಡಿ.

ಬಣ್ಣದ 14 ಲಕ್ಷವನ್ನು ಕಾರ್ಪಸ್‌ನಿಂದ ಮುಟ್ಟಬೇಡಿ. ಬಿರುಕು ಮುಚ್ಚುವ ಕೆಲಸವನ್ನು ಬೇರ್ಪಡಿಸಿ ಮೊದಲು ಮಾಡಿಸಿ; ಬಣ್ಣವನ್ನು ಹಿಂಗಾರು ಮಳೆ ಕಳೆದ ಮೇಲೆ, ವಿಶೇಷ ವಂತಿಗೆ ಎತ್ತಿ ಹಚ್ಚಿಸಿ. ಈಜುಕೊಳ ಕಾಯಲಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ನಿಮಗೆ ನೆನಪಿರಬೇಕು.

ಜನರನ್ನು ಕೇಳುವ ರೀತಿಯೂ ಮುಖ್ಯ. ‘ಈಜುಕೊಳ ಬೇಕೇ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಫ್ಲ್ಯಾಟ್‌ಗೆ ಸರಾಸರಿ 6,250 ಕೊಟ್ಟು ಈಜುಕೊಳ ಬೇಕೇ, 14,583 ಕೊಟ್ಟು ಬಣ್ಣ ಬೇಕೇ?’ ಎಂದು ಕೇಳಿ. ಇದೇ ಪ್ರಶ್ನಾವಳಿ ಬಾಡಿಗೆದಾರರಿಗೂ ಹೋಗಲಿ. ಅವರಿಗೆ ಮತವಿಲ್ಲ ನಿಜ, ಆದರೆ ಲಿಫ್ಟ್ ಎಲ್ಲಿ ನಿಲ್ಲುತ್ತದೆ, ನೀರು ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದು ದುಬೈನಲ್ಲಿರುವ ಮಾಲೀಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ನೀರಿನ ಉಪಸಮಿತಿಗೆ ಇಬ್ಬರು ಬಾಡಿಗೆದಾರರನ್ನು ಆಹ್ವಾನಿತರಾಗಿ ಸೇರಿಸಿಕೊಳ್ಳಿ. ಆ ನಾಲ್ಕು ಬ್ಯಾಚುಲರ್ ಮನೆಗಳಿಂದ ಒಬ್ಬರಿದ್ದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ, ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ. ನಿಮ್ಮ ಸಂಘ ಯಾವ ಕಾಯ್ದೆಯಡಿ ನೋಂದಾಗಿದೆ ಎಂದು ನೀವು ಬರೆದಿಲ್ಲ. ನಾನು ಮೇಲೆ ಹೇಳಿದ್ದೆಲ್ಲ 1972ರ ಕಾಯ್ದೆಯ ಲೆಕ್ಕದಲ್ಲಿ. ಅದು ಅನ್ವಯವಾಗಲು ಡೀಡ್ ಆಫ್ ಡಿಕ್ಲರೇಷನ್ ನೋಂದಣಿಯಾಗಿರಬೇಕು. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಇದ್ದರೆ ವಿವಾದಗಳು 70ನೇ ಕಲಮಿನಂತೆ ನಿಬಂಧಕರ ಮುಂದೆ ಹೋಗುತ್ತವೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾತ್ರ ಇದ್ದರೆ, ಮಾಲೀಕರ ಮೇಲೆ ನಿಮ್ಮ ಅಧಿಕಾರವೇ ಪ್ರಶ್ನೆಗೆ ಒಳಗಾಗಬಹುದು; ಆಗ ಬಾಡಿಗೆ ನಿಯಮಾವಳಿಗಿಂತ ಮೊದಲು ಡಿಕ್ಲರೇಷನ್ ನೋಂದಣಿಯ ಕೆಲಸ ಶುರುವಾಗಬೇಕು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಡಿಕ್ಲರೇಷನ್, ಬೈಲಾ ಎರಡರ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಜಿಬಿಎಂ ನೋಟಿಸ್ ಹೊರಡಿಸುವುದು ಆ ನಕಲು ಕೈಗೆ ಬಂದ ಮೇಲೆಯೇ ಇರಲಿ. ಅದಕ್ಕಾಗಿ ಸಭೆಯನ್ನು ಎರಡು ವಾರ ಮುಂದೂಡಬೇಕಾಗಿ ಬಂದರೂ ಮುಂದೂಡಿ.